ಬಸವನಗುಡಿಯ ಇಟ್ಟಿಗೆ ಮನೆ: ಸಿಮೆಂಟು ಕಿತ್ತ ಮೇಲೆ ಕಂಡದ್ದು

ನಡುಮನೆಯ ಉತ್ತರದ ಗೋಡೆ ಬುಡದಲ್ಲಿ ದಿನಾ ಬೆಳಿಗ್ಗೆ ಒಂದು ಹಿಡಿ ಕೆಂಪು ಪುಡಿ ಬಿದ್ದಿರುತ್ತಿತ್ತು. ಗುಡಿಸಿ ಎತ್ತಿದರೆ ಮಾರನೆ ದಿನ ಮತ್ತೆ ಅಷ್ಟೇ. ಅಮ್ಮ ಇದ್ದಾಗ ಅದು ಗೆದ್ದಲಿನ ಕೆಲಸ ಅಂದುಕೊಂಡು ಸೀಮೆಎಣ್ಣೆ ಸುರಿಯುತ್ತಿದ್ದರು. ಅಮ್ಮ ಹೋಗಿ, ಬಸವನಗುಡಿಯ ಈ ಮನೆ ನನಗೂ ತಮ್ಮನಿಗೂ ಬಂದ ಮೇಲೆ ಒಂದು ದಿನ ಆ ಪುಡಿಯನ್ನು ಅಂಗೈಗೆ ಹಾಕಿಕೊಂಡು ತಿಕ್ಕಿದೆ, ಚೂರು ನಾಲಿಗೆ ತುದಿಗೂ ಇಟ್ಟು ನೋಡಿದೆ. ಉಪ್ಪುಪ್ಪು. ಗೆದ್ದಲು ಎತ್ತಿದ ಮಣ್ಣಾಗಿರಲಿಲ್ಲ ಅದು. ಇಟ್ಟಿಗೆಯೇ ಹಿಟ್ಟಾಗಿ ಉದುರುತ್ತಿತ್ತು.

ಪುಣೆಯಲ್ಲಿರುವ ತಮ್ಮ ಕೇಳಿದ ಪ್ರಶ್ನೆ ಸರಿಯಾಗೇ ಇತ್ತು. "ಅಕ್ಕ, ಸುತ್ತ ಎಲ್ಲರೂ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟಾಯಿತು. ನಾವು ಯಾಕೆ ಒದ್ದಾಡಬೇಕು?" ಜಾಯಿಂಟ್ ಡೆವಲಪ್‌ಮೆಂಟ್ ಅಂದರೆ ಜಾಗ ನಮ್ಮದು, ಹಳೇ ಮನೆ ಕೆಡವಿ ಕಟ್ಟುವವರು ಬಿಲ್ಡರು, ಎದ್ದ ಕಟ್ಟಡದಲ್ಲಿ ಇಬ್ಬರಿಗೂ ಪಾಲು. ನಮ್ಮ ಬೀದಿಯಲ್ಲಿ ನಾನು ಚಿಕ್ಕವಳಿದ್ದಾಗಿನ ಹೆಂಚಿನ ಮನೆಗಳಲ್ಲಿ ಈಗ ಉಳಿದಿರುವುದು ಮೂರು. ಬಂದು ನೋಡಿದ ಬಿಲ್ಡರುಗಳು ಯಾರೂ ಒಳಗೆ ಕಾಲಿಡಲಿಲ್ಲ, ಗೇಟಿನ ಹತ್ತಿರವೇ ನಿಂತು ಸೈಟಿನ ಅಗಲ ಕೇಳಿ ಹೋದರು. ನನಗೆ ಅದು ಸಹಿಸಲಾಗಲಿಲ್ಲ. ತಮ್ಮನ ಹತ್ತಿರ ಎರಡು ವರ್ಷದ ಗಡುವು ಕೇಳಿಕೊಂಡೆ. ಅವನ ಮಗಳು ಆಗ ಆರ್ಕಿಟೆಕ್ಚರ್ ಮೂರನೇ ವರ್ಷದಲ್ಲಿದ್ದಳು. "ನಾನೂ ಬರ್ತೀನಿ ಅತ್ತೆ, ಮೊದಲು ಅಳತೆ ತೆಗೆಯೋಣ" ಅಂದಳು. ಕೆಲಸ ಶುರುವಾದದ್ದು ಹಾಗೆ.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ: ಮನೆಯನ್ನು ಮುತ್ತಾತ ಕಟ್ಟಿಸಿದ ಹಾಗೇ ಮಾಡಬೇಕು, ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆದುಹಾಕಬೇಕು. ಎರಡು ವರ್ಷದಲ್ಲಿ ಆ ಆಸೆ ಎಷ್ಟು ಬದಲಾಯಿತು ಅನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದ ಮೇಲೆ ಗಾಳಿ ಬೆಳಕಿರುವ ಹೊಸ ಬಡಾವಣೆಗಳು ಬೇಕಾದವು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ನೇರ ರಸ್ತೆ, ಮನೆಯಿಂದ ಮನೆಗೆ ಅಂತರ, ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಅಂತ ಕರೆಯುವ ಸಣ್ಣ ಓಣಿ. ನಮ್ಮ ಮುತ್ತಾತ ಚಿಕ್ಕಪೇಟೆ ಬಿಟ್ಟು ಇಲ್ಲಿಗೆ ಬಂದದ್ದು ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ. ಮುಂದೆ ಮರದ ಜಾಲಿಯ ಜಗಲಿ, ಪಡಸಾಲೆ, ನಡುಮನೆ, ಎಡಬಲಕ್ಕೆ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು, ಬಾವಿ, ದನದ ಕೊಟ್ಟಿಗೆ. ಕಿಟಕಿಗಳ ಮೇಲೆ ಚೂಪು ತುದಿಯ ಮರದ ಪಟ್ಟಿಗಳನ್ನು ಜೋಡಿಸಿದ ಮಂಕಿ ಟಾಪು. ಹಳೇ ಬೆಂಗಳೂರಿನ ಮನೆಯನ್ನು ದೂರದಿಂದಲೇ ಗುರುತು ಹಿಡಿಯುವಂತೆ ಮಾಡುವುದು ಅದೇ.

ಅಳತೆಗೆ ನಾಲ್ಕು ಭಾನುವಾರ ಹಿಡಿಯಿತು. ಮನೆಯ ಹೊರಗಿನ ಉದ್ದ ಹಿಡಿದು, ಒಳಗಿನ ಕೋಣೆಗಳನ್ನೂ ಗೋಡೆಗಳನ್ನೂ ಕೂಡಿಸಿದರೆ ಲೆಕ್ಕ ತಾಳೆಯಾಗಲಿಲ್ಲ, ಎಂಟು ಇಂಚು ಹೆಚ್ಚುಕಮ್ಮಿ. ಎಲ್ಲ ಗೋಡೆಗಳೂ ಒಂದೇ ದಪ್ಪ ಅಂತ ನಾವು ಅಂದುಕೊಂಡದ್ದೇ ತಪ್ಪು. ಬಾಗಿಲು ಕಿಟಕಿ ಇರುವಲ್ಲೆಲ್ಲ ಟೇಪು ಹಿಡಿದಾಗ ಹೊರಗಿನವು ಹದಿನಾಲ್ಕು ಇಂಚು, ಅಂದರೆ ಒಂದೂವರೆ ಇಟ್ಟಿಗೆ, ಒಳಗಿನವು ಒಂಬತ್ತು, ನಡುಮನೆಯನ್ನು ಎರಡು ಮಾಡಿದ ಗೋಡೆ ಬರೀ ಐದು. ಪಶ್ಚಿಮದ ಕೋಣೆಯ ಮೂಲೆಯಿಂದ ಮೂಲೆಗೆ ದಾರ ಎಳೆದರೆ ಒಂದು ಕರ್ಣ ಇನ್ನೊಂದಕ್ಕಿಂತ ನಾಲ್ಕು ಇಂಚು ಉದ್ದ. "ಅತ್ತೆ, ಈ ಕೋಣೆ ಮನೆ ಜೊತೆ ಹುಟ್ಟಿದ್ದಲ್ಲ, ಆಮೇಲೆ ಅಂಟಿಸಿದ್ದು" ಅಂದಳು ಹುಡುಗಿ. ಆ ಕೋಣೆಯಲ್ಲೇ ನಾನು ಹುಟ್ಟಿದ್ದು. ಅದು ಆಮೇಲೆ ಬಂದ ಕೋಣೆ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಟ್ರಂಕಿನಲ್ಲಿದ್ದ ಹಳೇ ಕಾಗದಗಳನ್ನು ತೆಗೆದೆ. ಮೊದಲ ಕ್ರಯಪತ್ರದ ಕೊನೆಯ ಪುಟದಲ್ಲಿ, ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಹೇಳಿ "ಹೆಂಚಿನ ಮನೆ ಸಹಾ" ಅಂತ ಮಾತ್ರ ಇದೆ. ಮುಂದಿನ ತಲೆಮಾರಿನ ಪಾಲುಪತ್ರದಲ್ಲಿ "ಹೆಂಚಿನ ಮನೆ ಮತ್ತು ಗಾರೆ ಮಾಳಿಗೆಯ ಒಂದು ಕೊಠಡಿ" ಅಂತ ಬರುತ್ತದೆ. ಹಳೇ ಮನೆ ಇರುವವರು ಮೊದಲು ಓದಬೇಕಾದದ್ದು ಪತ್ರದ ಆ ಕೊನೆಯ ಪುಟವನ್ನೇ. ನಾವು ಹಣ, ಹೆಸರು, ಸಹಿ ನೋಡಿ ಮಡಚಿಬಿಡುತ್ತೇವೆ.

ಗಾರೆ ಕೆಲಸ ಗೊತ್ತಿರುವವರನ್ನು ಹುಡುಕುವುದಕ್ಕೆ ಐದು ತಿಂಗಳಾಯಿತು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಹಳೇ ಪ್ಲಾಸ್ಟರ್ ಕಿತ್ತು ವಾಟರ್‌ಪ್ರೂಫ್ ಸಿಮೆಂಟ್ ಹೊಡೆದುಬಿಡಿ. ಮೂವತ್ತೈದು ವರ್ಷದ ಹಿಂದೆ ಅಪ್ಪ ಅದನ್ನೇ ಮಾಡಿಸಿದ್ದರು. ಕೊನೆಗೆ ಸಿಕ್ಕಿದ್ದು ಕೋಲಾರದ ಕಡೆಯ ಒಬ್ಬ ಮೇಸ್ತ್ರಿ. ಎಪ್ಪತ್ತು ದಾಟಿದ್ದರು, ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ಸುಣ್ಣದ ಕೆಲಸ ಮಾಡಿ ಪಳಗಿದ ಕೈ. ಬಂದವರೇ ಕಾಫಿಯನ್ನೂ ಮುಟ್ಟದೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಮನೆ ಪೂರ್ತಿ ಸುತ್ತಿದರು. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಡೊಳ್ಳು. ಡೊಳ್ಳೆನ್ನುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನೆಲದಿಂದ ಮೂರು ಮೂರೂವರೆ ಅಡಿ ಎತ್ತರದವರೆಗೂ ಮನೆಯ ಸುತ್ತ ಒಂದೇ ಸಮನೆ ಪಟ್ಟಿ ಬಂತು.

"ಒದ್ದೆ ಬಟ್ಟೆ ಮೇಲೆ ಪ್ಲಾಸ್ಟಿಕ್ ಸುತ್ತಿದಂಗೆ ಆಗೈತಮ್ಮ" ಅಂದರು. "ನೀರು ಕೆಳಗಿಂದ ಹತ್ತತೈತೆ. ಹೊರಗೆ ಬರಾಕೆ ದಾರಿ ಇಲ್ಲ. ಇಟ್ಟಿಗೆನೇ ತಿನ್ನತೈತೆ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮೂರಲ್ಲಿ ನೂರಾರು ಮನೆಗಳು ಹೀಗೇ ಹಾಳಾಗುತ್ತಿವೆ. ಆ ಕಾಲದ ಇಟ್ಟಿಗೆ ಮೆತ್ತನೆಯದು, ನೀರು ಕುಡಿಯುತ್ತದೆ. ಅದರ ಸಂದಿನ ಸುಣ್ಣದ ಗಾರೆ ಇಟ್ಟಿಗೆಗಿಂತಲೂ ಮೆತ್ತಗೆ. ನೆಲದ ತೇವ ತಳಪಾಯದಿಂದ ಗೋಡೆಗೆ ಹತ್ತಿದರೂ ಸಂದುಗಳಿಂದ, ಸುಣ್ಣದ ಗಿಲಾವಿನಿಂದ, ಅಂದರೆ ಪ್ಲಾಸ್ಟರಿನಿಂದ, ಆರಿಹೋಗುತ್ತದೆ. ಉಪ್ಪು ಕಟ್ಟಿದರೂ ಗಿಲಾವಿನಲ್ಲಿ ಕಟ್ಟುತ್ತದೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಗಿಲಾವು ಬದಲಿಸಿದರೆ ಗೋಡೆ ಕ್ಷೇಮ. ಅದರ ಮೇಲೆ ಗಟ್ಟಿ ಸಿಮೆಂಟು ಬಳಿದು, ಪ್ಲಾಸ್ಟಿಕ್ ಪೇಂಟು ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಮೇಲಕ್ಕೆ ಏರುತ್ತದೆ. ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಸಿಡಿಸುತ್ತದೆ. ನಮ್ಮಲ್ಲಿ ಇನ್ನೆರಡು ಸೇರಿದ್ದವು. ಮನೆ ಸುತ್ತಲಿನ ಮಣ್ಣಿನಂಗಳಕ್ಕೆಲ್ಲ ಸಿಮೆಂಟು ಹಾಕಿಸಿದ್ದೆವು. ಮೇಲಿಂದ ಮೇಲೆ ಡಾಂಬರು ಬಿದ್ದು ರಸ್ತೆಯೂ ಎತ್ತರವಾಗಿತ್ತು. ಚಿಕ್ಕಪ್ಪ ಹುಡುಗರಿದ್ದಾಗ ಗೇಟಿನಿಂದ ಜಗಲಿಗೆ ನಾಲ್ಕು ಮೆಟ್ಟಿಲು ಹತ್ತುತ್ತಿದ್ದರಂತೆ, ಈಗ ಇರುವುದು ಎರಡು. ಮಳೆನೀರು ಮೊದಲು ಬರುತ್ತಿದ್ದದ್ದೇ ನಮ್ಮ ಗೋಡೆ ಬುಡಕ್ಕೆ.

ಸಿಮೆಂಟು ಕೀಳುವ ಕೆಲಸಕ್ಕೆ ಬ್ರೇಕರ್ ಮೆಷಿನ್ ಬೇಡ ಅಂದರು ಮೇಸ್ತ್ರಿ. ಉಳಿ, ಸುತ್ತಿಗೆ, ಎರಡು ತಿಂಗಳು. ಸಿಮೆಂಟು ಕಳಚುವಾಗ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬರುತ್ತಿತ್ತು. ಒಂದೊಂದು ಹಲಗೆ ಬೀಳುವಾಗಲೂ ನನ್ನ ಎದೆ ಹಿಂಡಿದಂತಾಗುತ್ತಿತ್ತು. ಆದರೆ ಮನೆಯ ಮೈ ಕಂಡದ್ದು ಆಗಲೇ.

ಮೊದಲ ಗೋಡೆಗಳ ಇಟ್ಟಿಗೆ ಎರಡೂಕಾಲು ಇಂಚು ದಪ್ಪ. ಒಂದು ವರಸೆ ಉದ್ದಕ್ಕೆ, ಮೇಲಿನ ವರಸೆ ಅಡ್ಡಕ್ಕೆ, ಇಂಗ್ಲಿಷ್ ಬಾಂಡ್ ಅನ್ನುತ್ತಾರಲ್ಲ, ಅದು. ಕಿಟಕಿಗಳ ತಲೆಯ ಮೇಲೆ ಇಟ್ಟಿಗೆಯನ್ನೇ ನಿಲ್ಲಿಸಿ ಕಟ್ಟಿದ ಕಮಾನು. ಪ್ಲಾಸ್ಟರಿನ ಒಳಗೆ ಹೂತಿದ್ದರೂ ಆ ಕಮಾನಿನ ಒಂದೊಂದು ಇಟ್ಟಿಗೆಯನ್ನೂ ತುದಿಯಲ್ಲಿ ಕೆತ್ತಿ ಕೂರಿಸಿದ್ದಾರೆ. ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಅಚ್ಚುಕಟ್ಟು! ಪಶ್ಚಿಮದ ಕೋಣೆ ಸೇರುವ ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಒಂದೇ ನೇರ ಗೆರೆ. "ಹಲ್ಲು ಕಚ್ಚಿಲ್ಲ ನೋಡಿ" ಅಂದರು ಮೇಸ್ತ್ರಿ. ಒಟ್ಟಿಗೆ ಎದ್ದ ಗೋಡೆಗಳಾದರೆ ಮೂಲೆಯಲ್ಲಿ ವರಸೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇಲ್ಲಿ ಹೊಸ ಗೋಡೆ ಹಳೆಯದಕ್ಕೆ ಒರಗಿ ನಿಂತಿದೆ, ಅಷ್ಟೇ. ಹುಡುಗಿಯ ದಾರ ಹೇಳಿದ್ದು ನಿಜವಾಯಿತು.

ಕಾಲ ಗೊತ್ತಾದದ್ದು ಹೆಂಚಿನಿಂದ. ಮಂಗಳೂರು ಹೆಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನುವ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು ನೇತ್ರಾವತಿ ದಡದ ಜೇಡಿಯಿಂದ ಈ ಹೆಂಚು ಮಾಡಲು ಶುರು ಮಾಡಿದರು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಮಿಷನ್ನಿನ ಜರ್ಮನ್ ನಂಟಿನಿಂದಾಗಿ ಸರ್ಕಾರ ಅವರ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ನಮ್ಮ ನಡುಮನೆಯ ಸೂರಿನ ಹೆಂಚುಗಳ ಮೇಲೆ ಬಾಸೆಲ್ ಮಿಷನ್ ಅಂತಿದೆ. ಪಶ್ಚಿಮದ ಕೋಣೆಗೆ ತಾಗಿದ ಇಳಿಜಾರಿನಲ್ಲಿ ಹೆಚ್ಚಿನವು ಕಾಮನ್‌ವೆಲ್ತಿನವು, ಅಂದರೆ ಯುದ್ಧದ ನಂತರದವು. ಹೆಂಚು ಆಚೀಚೆ ಆಗುವ ವಸ್ತು, ಅದೊಂದನ್ನೇ ನೆಚ್ಚಬಾರದು ಅಂತ ಹುಡುಗಿ ಎಚ್ಚರಿಸಿದಳು. ಆದರೂ ನೇರ ಗೆರೆ, ಪಾಲುಪತ್ರ, ಹೆಂಚು ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ನಂಬದೆ ಇರಲು ಕಾರಣ ಕಾಣಲಿಲ್ಲ.

ನಡುಮನೆಯ ಐದಿಂಚಿನ ಗೋಡೆಗೆ ಬರುತ್ತೇನೆ. ಅದನ್ನು ಕೆಡವಿಯೇ ತೀರಬೇಕು ಅಂತ ಮೊದಲ ದಿನದಿಂದ ಪಟ್ಟು ಹಿಡಿದಿದ್ದವಳು ನಾನು. ತಾತ ಮತ್ತು ಅವರ ಅಣ್ಣ ಪಾಲಾದಾಗ ಎದ್ದ ಗೋಡೆ ಅದು. ಅದರಿಂದ ನಡುಮನೆಗೆ ಬೆಳಕೇ ಇಲ್ಲದ ಹಾಗಾಯಿತು. ಆಮೇಲೆ ಆ ಕಡೆಯ ಪಾಲನ್ನು ಅಪ್ಪ ಕೊಂಡುಕೊಂಡರೂ ಗೋಡೆ ಮಾತ್ರ ಹಾಗೇ ಉಳಿಯಿತು. ಪ್ಲಾಸ್ಟರ್ ಕಿತ್ತಾಗ ಇಟ್ಟಿಗೆಗಳೆಲ್ಲ ಹಳೆಯ ಅಳತೆಯವೇ, ಆದರೆ ಸಂದಿನಲ್ಲಿ ಬರೀ ಮಣ್ಣು. ಮೇಸ್ತ್ರಿ ಒಂದು ಇಟ್ಟಿಗೆ ಸಡಿಲಿಸಿ ಎಳೆದು ನನ್ನ ಕೈಗಿಟ್ಟರು. ಮಣ್ಣೊಳಗೆ ಹೂತಿದ್ದ ಅದರ ಒಂದು ಮಗ್ಗುಲಿಗೆ ತೆಳು ನೀಲಿ ಸುಣ್ಣ ಹಚ್ಚಿತ್ತು. ಗೋಡೆಯ ಒಳಗಿರುವ ಮಗ್ಗುಲಿಗೆ ಯಾರು ಸುಣ್ಣ ಹೊಡೆಯುತ್ತಾರೆ? "ಇದು ಎರಡನೇ ಸಲ ಕೆಲಸಕ್ಕೆ ಬಂದಿರೋ ಇಟ್ಟಿಗೆ ಅಮ್ಮ. ಮೊದಲು ಬೇರೆ ಯಾವುದೋ ಗೋಡೆಯಾಗಿತ್ತು."

ಮೈಸೂರಿನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. ಎಂಬತ್ತಾರು ವಯಸ್ಸು, ನೆನಪು ಇನ್ನೂ ಖಚಿತ. "ನೀಲಿ ಸುಣ್ಣ ಅಂದರೆ ಕೊಟ್ಟಿಗೆ ಕಣಮ್ಮ. ಪಾಲಾದ ವರ್ಷ ಹಸುಗಳನ್ನ ಕೊಟ್ಟುಬಿಟ್ಟರು, ಕೊಟ್ಟಿಗೆ ಕೆಡವಿ ಅದೇ ಇಟ್ಟಿಗೆಯಲ್ಲಿ ಗೋಡೆ ಎಬ್ಬಿಸಿದರು. ಒಂದೇ ವಾರದ ಕೆಲಸ. ನಾನು ಶಾಲೆಯಿಂದ ಬರೋ ಹೊತ್ತಿಗೆ ದಿನಾ ನಾಲ್ಕು ನಾಲ್ಕು ವರಸೆ ಎದ್ದಿರೋದು." ಆ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ.

ಕೆಡವುವ ದಿನ ಗೊತ್ತಾಗಿತ್ತು. ಹಿಂದಿನ ಸಂಜೆ ಹುಡುಗಿ ಏಣಿ ಹತ್ತಿ ಅಟ್ಟದೊಳಗೆ ಟಾರ್ಚ್ ಹಾಕಿ ನೋಡಿದಳು. ನಡುಮನೆಯ ದೊಡ್ಡ ತೊಲೆಯ ಉತ್ತರದ ತುದಿ, ಗೋಡೆಯೊಳಗೆ ಕೂತಿರುವ ಒಂದಡಿಯಷ್ಟು, ತೇವಕ್ಕೆ ಕೊಳೆತು ಬೆರಳಲ್ಲಿ ಒತ್ತಿದರೆ ಒಳಗಿಳಿಯುತ್ತಿತ್ತು. ತೊಲೆ ಬಗ್ಗಿ ಬಂದು ಪಾಲಿನ ಗೋಡೆಯ ತಲೆಯ ಮೇಲೆ ಕೂತುಬಿಟ್ಟಿತ್ತು. ಭಾರ ಹೊರುವುದಕ್ಕೆ ಕಟ್ಟಿದ ಗೋಡೆಯಲ್ಲ ಅದು, ಆದರೆ ಎಷ್ಟೋ ವರ್ಷದಿಂದ ಅರ್ಧ ಸೂರನ್ನು ಹೊತ್ತು ನಿಂತಿತ್ತು. ನಾವು ಹೊರಟ ಹಾಗೇ ಹೊರಟಿದ್ದರೆ ಮಾರನೆ ದಿನ ಕೆಲಸದವರ ತಲೆಯ ಮೇಲೇ ಹೆಂಚು, ರೀಪು, ತೊಲೆ ಎಲ್ಲ ಬರುತ್ತಿತ್ತು. ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಹಳೇ ಮನೆಯಲ್ಲಿ ಯಾವುದೇ ಗೋಡೆ ಮುಟ್ಟುವ ಮೊದಲು ಅದರ ಮೇಲೆ ಏನು ಕೂತಿದೆ ಅಂತ ಹತ್ತಿ ನೋಡಿ. ಕಟ್ಟುವಾಗ ಅದು ಏನಾಗಿತ್ತು ಅನ್ನುವುದು ಸಾಲದು, ಈಗ ಏನು ಮಾಡುತ್ತಿದೆ ಅನ್ನುವುದು ಬೇಕು.

ಅಡ್ಡಕ್ಕೆ ಆಸರೆ ನಿಲ್ಲಿಸಿ, ಕೊಳೆತ ತುದಿ ಕೊಯ್ದು, ಹಳೇ ತೇಗದ ತುಂಡನ್ನು ಹಲ್ಲು ಕೂರಿಸಿ ಬೋಲ್ಟ್ ಹಾಕಿ ಜೋಡಿಸಿದರು. ಗೋಡೆ ತೆಗೆಯಬಹುದು ಅಂತ ಮೇಸ್ತ್ರಿ ಹೇಳಿದಾಗ ಬೇಡ ಅಂದವಳೂ ನಾನೇ. ನಡುವೆ ನಾಲ್ಕಡಿ ಅಗಲದ ದಾರಿ ಬಿಡಿಸಿಕೊಂಡೆ. ಬೆಳಕು ಬಂತು. ಕೊಟ್ಟಿಗೆಯ ಮಿಕ್ಕ ಇಟ್ಟಿಗೆ ಅಲ್ಲೇ ಇದೆ.

ಹಿತ್ತಲಿನಲ್ಲಿ ಸಿಕ್ಕಿದ್ದರ ಬಗ್ಗೆ ಬರೆಯುವುದೋ ಬೇಡವೋ ಅಂತ ತುಂಬ ದಿನ ಯೋಚಿಸಿದೆ. ಮೂಲೆಯಲ್ಲಿ ನಾವು ಸೌದೆ, ಹಳೇ ಪಾತ್ರೆ ಇಡುವ ಸಣ್ಣ ಕೋಣೆಯಿದೆ. ಅದರ ಹಿಂಗೋಡೆ ಕನ್ಸರ್ವೆನ್ಸಿ ಓಣಿಗೆ ಮುಖ ಮಾಡಿದೆ. ಸಿಮೆಂಟು ಬಿದ್ದಾಗ ಆ ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಚೌಕದಷ್ಟು ಜಾಗದಲ್ಲಿ ಮೂರಿಂಚಿನ ಹೊಸ ಇಟ್ಟಿಗೆ ತುಂಬಿದ್ದು ಕಂಡಿತು. ಸುತ್ತ ತೆಳು ಇಟ್ಟಿಗೆ, ನಡುವೆ ದಪ್ಪ ಇಟ್ಟಿಗೆಯ ತೇಪೆ. ಒಳಗಿನ ಕಡೆ ಎರಡು ಕಲ್ಲು ಚಪ್ಪಡಿ. ನನಗೆ ಕೂಡಲೇ ಅರ್ಥವಾಗಲಿಲ್ಲ. ಮೇಸ್ತ್ರಿಗೆ ಅರ್ಥವಾಗಿತ್ತು, ಆದರೆ ಅವರು ಮಾತಾಡಲಿಲ್ಲ, ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅದು ನಮ್ಮ ಮನೆಯ ಹಳೇ ಕಕ್ಕಸು. ಆ ಕಿಂಡಿಯಿಂದ ಕೈಹಾಕಿ ಬಕೆಟ್ಟು ಎಳೆದುಕೊಂಡು, ತಲೆಯ ಮೇಲೆ ಹೊತ್ತು ಒಬ್ಬರು ದಿನಾ ಆ ಓಣಿಯಲ್ಲಿ ನಡೆಯುತ್ತಿದ್ದರು. ಅವರು ಮುಂಬಾಗಿಲಿಗೆ ಬರದ ಹಾಗೆ, ನಮ್ಮ ಕಣ್ಣಿಗೆ ಬೀಳದ ಹಾಗೆ ಮಾಡುವುದಕ್ಕೇ ಆ ಓಣಿ ಇದ್ದದ್ದು. ಗಾಳಿ ಬೆಳಕಿನ ಬಡಾವಣೆಯ ನಕ್ಷೆಯಲ್ಲಿ ಇದೂ ಸೇರಿತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದಾದ ಮೇಲೆಯೇ ತಾತ ಇದನ್ನು ಮುಚ್ಚಿಸಿ ನೀರಿನ ಕಕ್ಕಸು ಕಟ್ಟಿಸಿದ್ದು ಅಂತ ಚಿಕ್ಕಪ್ಪ ಹೇಳಿದರು. ಹೊರುತ್ತಿದ್ದವರ ಹೆಸರೇನು ಅಂತ ಕೇಳಿದೆ. ಇಷ್ಟೆಲ್ಲ ನೆನಪಿರುವ ಚಿಕ್ಕಪ್ಪನಿಗೆ ಅದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮುತ್ತಾತ ಕಟ್ಟಿಸಿದ ಹಾಗೇ ಮಾಡಬೇಕು ಅನ್ನುವ ನನ್ನ ಆಸೆ ಆ ಕಿಂಡಿಯ ಮುಂದೆ ನಿಂತಾಗ ಬಿಟ್ಟುಹೋಯಿತು. ಮುಚ್ಚಿದ ಕಿಂಡಿ ಈ ಮನೆಗೆ ಆದ ಬದಲಾವಣೆಗಳಲ್ಲೆಲ್ಲ ಒಳ್ಳೆಯದು. ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆವು: ಇದು ಗೋಡೆಯನ್ನು ತಿನ್ನುತ್ತಿದೆಯೋ ಇಲ್ಲವೋ? ಸಿಮೆಂಟು ತಿನ್ನುತ್ತಿತ್ತು, ಹೋಯಿತು. ಜಗಲಿಗೆ ಅಪ್ಪ ಹಾಕಿಸಿದ ಕಬ್ಬಿಣದ ಗ್ರಿಲ್ಲು ಉಳಿಯಿತು. ವಿದ್ಯುತ್ತು ಬಂದ ಕಾಲದ ಮರದ ಕೇಸಿಂಗು, ಪಿಂಗಾಣಿ ಫ್ಯೂಸು ಪಡಸಾಲೆಯ ಗೋಡೆಯಲ್ಲಿ ಹಾಗೇ ಇವೆ, ತಂತಿ ಮಾತ್ರ ಹೊಸ ದಾರಿಯಲ್ಲಿ ಹೋಗುತ್ತದೆ. ಹಿತ್ತಲ ಕೋಣೆಯ ಆ ಚೌಕಕ್ಕೆ ಗಿಲಾವು ಮಾಡಬೇಡಿ ಅಂತ ಹೇಳಿದೆ. ತೇಪೆ ಕಾಣುತ್ತಿರಲಿ.

ಇನ್ನು ಸುಣ್ಣ. ಸುಟ್ಟ ಸುಣ್ಣದ ಗಡ್ಡೆಗಳನ್ನು ನೀರಿನ ಗುಂಡಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಗುಂಡಿ ಅನ್ನದ ಎಸರಿನ ಹಾಗೆ ಕೊತಕೊತ ಕುದಿಯುತ್ತದೆ. ಹತ್ತಿರ ಯಾರನ್ನೂ ಬಿಡಲಿಲ್ಲ ಮೇಸ್ತ್ರಿ. ಕಣ್ಣಿಗೆ ಒಂದು ಹನಿ ಸಿಡಿದರೂ ಕಷ್ಟ. ಅರಳಿದ ಸುಣ್ಣವನ್ನು ಮೇಲೆ ನೀರು ನಿಲ್ಲಿಸಿ ತಿಂಗಳು ಬಿಟ್ಟರೆ ಬೆಣ್ಣೆಯ ಹಾಗಾಗುತ್ತದೆ. ಅದಕ್ಕೆ ಮರಳು, ಇಟ್ಟಿಗೆ ಅರೆದ ಸುರ್ಕಿ, ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು, ನಾವು ಮೋಟಾರಿನ ಗ್ರೈಂಡರ್ ಬಾಡಿಗೆಗೆ ತಂದೆವು.

ಗಿಲಾವಿಗೆ ಮೊದಲು ಉಪ್ಪು ತೆಗೆಯಬೇಕಿತ್ತು. ಒಣಬ್ರಷ್ಷಿನಲ್ಲಿ ಉಜ್ಜಿ, ಜೇಡಿಮಣ್ಣಿಗೆ ನೆನೆಸಿದ ಕಾಗದ ಕಲಸಿ ಗೋಡೆಗೆ ಮೆತ್ತಿದೆವು. ಒಣಗುವಾಗ ಅದು ಉಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕಿತ್ತು ಬಿಸಾಕಿ, ಮತ್ತೆ ಮೆತ್ತಿ, ಹೀಗೆ ಮೂರು ಸಲ. ಅಂಗಳದ ಸಿಮೆಂಟನ್ನು ಗೋಡೆಯಿಂದ ಎರಡಡಿ ಅಗಲಕ್ಕೆ ಒಡೆದು ಚರಂಡಿ ತೋಡಿ ಜಲ್ಲಿ ತುಂಬಿದೆವು. ಪೂರ್ತಿ ಹಿಟ್ಟಾಗಿದ್ದ ಇಟ್ಟಿಗೆಗಳ ಜಾಗಕ್ಕೆ, ಹಳೇ ಮನೆ ಒಡೆದ ಸಾಮಾನು ಮಾರುವವರ ಹತ್ತಿರ ಅದೇ ಎರಡೂಕಾಲು ಇಂಚಿನದನ್ನು ಆರಿಸಿ ತಂದೆವು. ಯಾರದೋ ಮನೆ ಬಿದ್ದದ್ದರಿಂದ ನಮ್ಮ ಮನೆ ನಿಂತಿತು. ಅದನ್ನು ಯೋಚಿಸಿದರೆ ಸಂತೋಷವಾಗುವುದಿಲ್ಲ.

ಮೊದಲ ಗಿಲಾವು ಕೆಟ್ಟಿತು. ತಮ್ಮನಿಗೆ ಕೊಟ್ಟ ಗಡುವು ಹತ್ತಿರ ಬರುತ್ತಿತ್ತು ಅಂತ ಏಪ್ರಿಲ್ ಬಿಸಿಲಿನಲ್ಲೇ ಪೂರ್ವದ ಗೋಡೆಗೆ ಮಾಡಿಸಿದೆ. ಮಳೆಗಾಲ ಮುಗಿಯಲಿ ಅಂತ ಮೇಸ್ತ್ರಿ ಹೇಳಿದ್ದರು, ನಾನು ಕೇಳಲಿಲ್ಲ. ಹತ್ತು ದಿನಕ್ಕೆ ಗೋಡೆ ಒಣಗಿದ ಕೆರೆಯಂಗಳದ ಹಾಗೆ ಬಿರಿಯಿತು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿ ಮತ್ತೆ ಕಲ್ಲಾಗಬೇಕು. ಅದಕ್ಕೆ ತೇವ ಬೇಕು, ಸಮಯ ಬೇಕು. ಬೇಗ ಒಣಗಿದರೆ ಗಟ್ಟಿಯಾಗುವ ಮೊದಲೇ ಸುಕ್ಕಾಗುತ್ತದೆ. ಅಷ್ಟನ್ನೂ ಕೆರೆದು ತೆಗೆದೆವು. ಎರಡನೇ ಸಲ ಸೆಪ್ಟೆಂಬರಿನಲ್ಲಿ, ಇಟ್ಟಿಗೆಗೆ ಹಿಂದಿನ ರಾತ್ರಿಯೇ ನೀರು ಕುಡಿಸಿ, ತೆಳುವಾಗಿ ಮೂರು ಪದರ, ಪದರಕ್ಕೂ ಪದರಕ್ಕೂ ನಡುವೆ ಬಿಡುವು, ಮುಂದೆ ಒದ್ದೆ ಗೋಣಿತಾಟಿನ ಪರದೆ. ಬೆಳಿಗ್ಗೆ ಸಂಜೆ ಗೋಣಿಗೆ ನೀರು ಚಿಮುಕಿಸುವುದು ನನ್ನ ಕೆಲಸವಾಗಿತ್ತು. ಬಿರುಕು ಬರಲಿಲ್ಲ.

ತಮ್ಮ ಬಂದಿದ್ದಾಗ ನಡುಮನೆಯ ದಾರಿಯಲ್ಲಿ ನಿಂತು ಎರಡೂ ಕಡೆ ನೋಡಿದ. ಗಡುವಿನ ಮಾತು ಎತ್ತಲಿಲ್ಲ. "ಪಶ್ಚಿಮದ ಕೋಣೆ ಯಾವಾಗ ಮಾಡಿಸ್ತೀಯಾ?" ಅಂತ ಕೇಳಿದ.

ಅದು ಇನ್ನೂ ಬಾಕಿ ಇದೆ. ಅದರ ಸೂರು ಮದ್ರಾಸ್ ಟೆರೇಸು: ತೇಗದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಚ್ಚಿಸಿ, ಮೇಲೆ ಇಟ್ಟಿಗೆ ಜಲ್ಲಿ ಸುಣ್ಣ ಹಾಸಿ, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಮಾಡಿದ್ದು. ಎರಡು ಜಂತಿ ಬದಲಿಸಬೇಕು, ಒಂದು ಮೂಲೆಯಲ್ಲಿ ಹೊಸದಾಗಿ ದಮ್ಮಸು ಮಾಡಬೇಕು. ಅದಕ್ಕೆಂದು ಹೊಸ ಗುಂಡಿಯಲ್ಲಿ ಸುಣ್ಣ ಅರಳಿಸಿಟ್ಟು ಮೇಸ್ತ್ರಿ ಊರಿಗೆ ಹೋಗಿದ್ದಾರೆ. ಕಡಲೆಕಾಯಿ ಪರಿಷೆ ಮುಗಿದ ಮೇಲೆ ಬರುತ್ತಾರಂತೆ. ಅಲ್ಲಿಯವರೆಗೆ ಗುಂಡಿಯ ನೀರು ಸುಣ್ಣಕ್ಕಿಂತ ನಾಲ್ಕು ಬೆರಳು ಮೇಲಿರಬೇಕು ಅಂತ ಹೇಳಿಹೋಗಿದ್ದಾರೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ.